ಸೂಜಿಯಿಂದಲೇ ಗೆರೆ ಎಳೆಯುವುದು: ನನ್ನ ಅನುಭವ

ಕಸೂತಿ ಹಾಕುವವರು ಸಾಮಾನ್ಯವಾಗಿ ಮೊದಲು ಡಿಸೈನ್ ಟ್ರೇಸ್ ಮಾಡಿಕೊಂಡು ಆಮೇಲೆ ಅದರ ಮೇಲೆ ಹೊಲಿಯುತ್ತಾರೆ. ನಾನೂ ಹಾಗೇ ಕಲಿತವಳು. ಈಗ ಟ್ರೇಸ್ ಮಾಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಬಿಳಿ ಹತ್ತಿ ಬಟ್ಟೆ ಎದುರಿಗಿಟ್ಟುಕೊಂಡು ಸೂಜಿಯಿಂದಲೇ ಗೆರೆ ಎಳೆಯುತ್ತೇನೆ. ನನ್ನ ಹೊಲಿಗೆ ಅಲಂಕಾರ ಆಗುವುದು ನಿಂತು ಚಿತ್ರವಾಗಲು ಶುರುವಾಗಿದ್ದು ಅಲ್ಲಿಂದಲೇ.

ಸದ್ಯ ಕೈಗಳ ಚಿತ್ರ ಮಾಡುತ್ತಿದ್ದೇನೆ. ಬಟ್ಟೆ ಹಿಂಡುವ ಕೈ, ಗಂಟು ಬಿಚ್ಚುವ ಕೈ, ವಯಸ್ಸಾದವರ ಕೈ. ಕಸೂತಿ ದಾರದಲ್ಲಿ 6 ಎಳೆ ಇರುತ್ತೆ ಅಲ್ವಾ, ಅದನ್ನು ಬಿಡಿಸಿ ಒಂದೇ ಎಳೆಯಲ್ಲಿ ಚರ್ಮದ ಗೆರೆಗಳನ್ನು ಹೊಲಿಯುತ್ತೇನೆ. ಬೆರಳಿನ ಗೆಣ್ಣು ಬಂದಾಗ ಹೊಲಿಗೆ ತೀರಾ ಚಿಕ್ಕದು, ಸುಮಾರು 2 ಮಿಲಿಮೀಟರ್. ಮುಂಗೈ ಕಡೆ ಹೋಗುತ್ತಾ ಉದ್ದವಾಗುತ್ತದೆ. ನೆರಳಿಗೆ ಬಣ್ಣ ಬದಲಿಸುವುದಿಲ್ಲ. ಅದೇ ದಾರದಲ್ಲಿ ಎರಡು ಎಳೆ, ಮೂರು ಎಳೆ ತೆಗೆದುಕೊಂಡು ಒತ್ತೊತ್ತಾಗಿ ಹಾಕುತ್ತೇನೆ, ಪೆನ್ಸಿಲ್ ಒತ್ತಿದಷ್ಟೂ ಗೆರೆ ಕಪ್ಪಾಗುತ್ತಲ್ಲ, ಹಾಗೆ.

ಇನ್ನೊಂದು ವಿಷಯ. ದಾರ ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಮಾಮೂಲಿ ಕಸೂತಿಯಲ್ಲಿ ಅದು ದೋಷ. ನನಗೆ ಆ ಸುಕ್ಕೇ ಬೇಕು, ಬಟ್ಟೆಯೇ ಮುದಿ ಚರ್ಮದ ಹಾಗೆ ಮುದುಡಲಿ ಅಂತ. ಆದರೆ ಫ್ರೇಮಿನಲ್ಲಿ ಬಿಗಿಯಾಗಿ ಕೂತ ಬಟ್ಟೆ ಎಷ್ಟು ಸುಕ್ಕಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಆ ಭಾಗ ಬಂದಾಗ ಫ್ರೇಮ್ ತೆಗೆದು ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಹೊಲಿಯುತ್ತೇನೆ.

ದಾರದ ತುದಿ ಕತ್ತರಿಸದೆ ಮುಂದುಗಡೆಯೇ ಇಳಿಬಿಡುವ ಧೈರ್ಯ ಬಂದಿದ್ದು ಕಲಾವಿದೆ ಗಾದಾ ಅಮೆರ್ ಅವರ ಕೆಲಸ ನೋಡಿದ ಮೇಲೆ. ಕೈರೋದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಕಲೆ ಓದಿದವರು. ಪೇಂಟಿಂಗ್ ಅನ್ನೋದು ಗಂಡಸರದ್ದೇ ಅನ್ನುವ ವಾತಾವರಣ ಕಂಡು ಕ್ಯಾನ್ವಾಸ್ ಮೇಲೆ ದಾರದಲ್ಲೇ ಹೆಣ್ಣಿನ ಚಿತ್ರ ಬರೆದರು. ಇಳಿಬಿದ್ದ ದಾರಗಳ ಗೋಜಲು ಆ ಹೆಣ್ಣನ್ನು ಅರ್ಧ ಮುಚ್ಚಿರುತ್ತದೆ, ಹತ್ತಿರ ಹೋದರೆ ಮಾತ್ರ ಕಾಣುತ್ತಾಳೆ. ಎಷ್ಟು ಚೆನ್ನಾಗಿದೆ ಈ ಯೋಚನೆ! ಹಿಂಬದಿ ನೀಟಾಗಿರಬೇಕು ಅಂತಲೇ ನಮಗೆಲ್ಲ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಹಿಂಬದಿಯಲ್ಲಿ ಅಡಗಿಸುವ ದಾರವೇ ಮುಂದೆ ಬಂದು ಕೂತಿದೆ.

ಬಟ್ಟೆಯ ವಿಷಯದಲ್ಲಿ ನಾನು ಕಲಿತಿದ್ದು ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರ ಕೆಲಸದಿಂದ. ಅವರ ಮನೆಯವರದ್ದು ಹಳೆಯ ಟ್ಯಾಪೆಸ್ಟ್ರಿ, ಅಂದರೆ ಚಿತ್ರ ನೇಯ್ದ ಗೋಡೆ ಬಟ್ಟೆ, ರಿಪೇರಿ ಮಾಡುವ ಕಸುಬು. 1911ರಲ್ಲಿ ಹುಟ್ಟಿದ ಅವರು 2002ರಲ್ಲಿ, ಅಂದರೆ ತೊಂಬತ್ತು ದಾಟುವ ಹೊತ್ತಿಗೆ, ತಮ್ಮದೇ ಹಳೆ ಬಟ್ಟೆಗಳನ್ನು ಹೊಲಿದು ಪುಟಗಳನ್ನಾಗಿ ಮಾಡಿ ಒಂದು ಪುಸ್ತಕ ಕಟ್ಟಿದರು. ನಾನೂ ಈಗ ಹೊಸ ಬಟ್ಟೆ ಕೊಳ್ಳುವುದು ಕಡಿಮೆ. ಉಟ್ಟು, ಒಗೆದು ಮೆತ್ತಗಾದ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ, ಮತ್ತೆ ತೊಳೆದರೂ ಜಾಸ್ತಿ ಕುಗ್ಗುವುದಿಲ್ಲ. ಕಲೆ ಇದ್ದರೆ ಇರಲಿ, ತೆಗೆಯುವುದಿಲ್ಲ.

ಒಂದು ಪ್ರದರ್ಶನಕ್ಕೆ ಕಳಿಸಿದಾಗ ನನ್ನ ಕೆಲಸವನ್ನು ಕರಕುಶಲ ವಿಭಾಗದಲ್ಲಿ, ಮೇಜಿನ ಮೇಲೆ ಹರಡಿ ಇಟ್ಟಿದ್ದರು. ಪೇಂಟಿಂಗ್‌ಗಳೆಲ್ಲ ಗೋಡೆಯ ಮೇಲೆ. ತುಂಬಾ ಬೇಜಾರಾಯಿತು. ಕಸೂತಿಯೂ ಕಲೆ, ಅದನ್ನು ಹಾಗೇ ನೋಡಬೇಕು ಅಂತ ಹನ್ನಾ ಹೋಖ್ ಜರ್ಮನಿಯಲ್ಲಿ 1918ರಲ್ಲೇ ಬರೆದಿದ್ದರು. ದಾದಾ ಅನ್ನುವ ಕಲಾ ಚಳವಳಿಯ ಕಲಾವಿದೆ ಅಂತ ಹೆಸರಾದ ಅವರು ಹೊಟ್ಟೆಪಾಡಿಗೆ ಮಹಿಳಾ ಪತ್ರಿಕೆಗಳಿಗೆ ಕಸೂತಿ, ಲೇಸ್ ನಮೂನೆ ಬಿಡಿಸುತ್ತಿದ್ದರು, ಆ ನಮೂನೆಗಳನ್ನೇ ಕತ್ತರಿಸಿ ತಮ್ಮ ಕೊಲಾಜ್‌ಗೂ (ಚೂರುಗಳನ್ನು ಅಂಟಿಸಿ ಮಾಡುವ ಚಿತ್ರ) ಅಂಟಿಸಿದರು. ನೂರು ವರ್ಷ ಕಳೆದರೂ ನಾವು ಗೋಡೆಗಾಗಿ ಕೇಳಿಕೊಳ್ಳಬೇಕಾಗಿದೆ.

ಅದಕ್ಕೇ ಈಗ ಗೋಡೆಗೆ ಸಿದ್ಧ ಮಾಡಿಯೇ ಕಳಿಸುತ್ತೇನೆ. ಆಮ್ಲವಿಲ್ಲದ ಗಟ್ಟಿ ಬೋರ್ಡಿನ ಮೇಲೆ ಬಟ್ಟೆ ಎಳೆದು, ಹಿಂದೆ ಅಂಚಿನಿಂದ ಅಂಚಿಗೆ ದಾರ ಬಿಗಿಯುತ್ತೇನೆ, ಅಂಟು ಹಚ್ಚುವುದಿಲ್ಲ, ಅಂಟು ವರ್ಷಗಳು ಕಳೆದಂತೆ ಬಟ್ಟೆಯನ್ನು ಹಳದಿ ಮಾಡುತ್ತದೆ. ಗಾಜು ಹಾಕಲೇಬೇಕು ಅಂದರೆ ಅಂಚಿಗೆ ಪಟ್ಟಿ ಕೊಟ್ಟು ಗಾಜು ದಾರಕ್ಕೆ ತಾಗದ ಹಾಗೆ ಅಂತರ ಬಿಡಿಸುತ್ತೇನೆ, ಇಲ್ಲದಿದ್ದರೆ ಹೊಲಿಗೆಯ ಉಬ್ಬೆಲ್ಲ ಚಪ್ಪಟೆಯಾಗುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ ಅಂತ ಮೊದಲೇ ಹೇಳುತ್ತೇನೆ. ಪಕ್ಕದ ಚೀಟಿಯಲ್ಲಿ ಬೇರೆಯವರು ‘ಕ್ಯಾನ್ವಾಸ್ ಮೇಲೆ ತೈಲವರ್ಣ’ ಅಂತ ಬರೆಯುವ ಜಾಗದಲ್ಲಿ ‘ಹತ್ತಿ ಬಟ್ಟೆಯ ಮೇಲೆ ದಾರ’ ಅಂತ ನಾನೇ ಬರೆದು ಕಳಿಸುತ್ತೇನೆ.