ಸಿಟಿಸಿ ಬದಿಗಿಡಿ, ಫಿಕ್ಸೆಡ್ ಎಷ್ಟು ಕೇಳಿ: ಹುಬ್ಬಳ್ಳಿಯಿಂದ ಸಂಬಳ ಕುದುರಿಸಿದ ಲೆಕ್ಕ

“ಹುಬ್ಬಳ್ಳ್ಯಾಗ ಕುಂತು ಬೆಂಗಳೂರಿನ ಪಗಾರ ಕೇಳಿದ್ರ ಯಾರ್ ಕೊಡ್ತಾರೋ ಮಾರಾಯ” ಅಂದವರೇ ಎಲ್ಲರೂ. ಕೊಟ್ಟರು. ಐದು ತಿಂಗಳು, ಹತ್ತಿರಹತ್ತಿರ ಮೂವತ್ತು ರಿಕ್ರೂಟರ್ ಫೋನು, ಕೈಗೆ ಬಂದದ್ದು ನಾಲ್ಕು ಆಫರ್. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಹಳೆಯ ಸಿಟಿಸಿ (ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 6.2 ಲಕ್ಷ. ರೆಸ್ಯೂಮೆ, ಪ್ರೊಫೈಲ್ ಅಪ್‌ಡೇಟ್ ಎಲ್ಲ ನಿಮಗೆ ಗೊತ್ತಿರುವುದೇ. ಇಲ್ಲಿರುವುದು ದುಡ್ಡಿನ ಮಾತು ಮಾತ್ರ.

ಮೊದಲ ಹತ್ತು ಫೋನು ದಂಡ. “8ರಿಂದ 10 ಲಕ್ಷ” ಅಂದರೆ ಅವರ ಕಿವಿಗೆ ಬೀಳುವುದು 8 ಒಂದೇ. “30 ಪರ್ಸೆಂಟ್ ಹೈಕ್” ಅನ್ನುವುದು ಇನ್ನೂ ಕೆಟ್ಟದ್ದು. ಹಳೆಯ ಸಂಬಳವೇ ಕಡಿಮೆ ಇದ್ದರೆ ಅದರ ಮೇಲಿನ ಮೂವತ್ತೂ ಕಡಿಮೆಯೇ. ಫಾರ್ಮ್‌ನ ಎಕ್ಸ್‌ಪೆಕ್ಟೆಡ್ ಕಾಲಂನಲ್ಲಿ ಜಾಣತನ ಮಾಡಿ 1 ಅಂತ ತುಂಬಿ ನೋಡಿದೆ. ಆ ಅರ್ಜಿಗಳಿಂದ ಒಂದು ಫೋನೂ ಬರಲಿಲ್ಲ. ಈಗಿನ ಸಂಬಳವನ್ನು ಹಿಗ್ಗಿಸಿ ಹೇಳುವ ಗೋಜಿಗಂತೂ ಹೋಗಬೇಡಿ. ಮೂರು ತಿಂಗಳ ಪೇಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಇವುಗಳಲ್ಲಿ ಒಂದು ಕೇಳಿದರೂ ಸಿಕ್ಕಿಬೀಳುತ್ತೀರಿ.

ಕೊನೆಗೆ ಕೆಲಸ ಮಾಡಿದ್ದು ಪ್ರಶ್ನೆಗಳ ಕ್ರಮ. ಈಗಿನ ಸಂಬಳ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅದೇ ಉಸಿರಿನಲ್ಲಿ “ಈ ಪೊಸಿಷನ್‌ಗೆ ಬಜೆಟ್ ಎಷ್ಟು? ಅದರಲ್ಲಿ ಫಿಕ್ಸೆಡ್ ಎಷ್ಟು, ವೇರಿಯೆಬಲ್ ಎಷ್ಟು?” ಅಂತ ಕೇಳುವುದು. ಫಿಕ್ಸೆಡ್ ಅಂದರೆ ಖಾತ್ರಿ ಬರುವ ಭಾಗ, ವೇರಿಯೆಬಲ್ ಅಂದರೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಬರುವ ಭಾಗ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಆ ನಾಲ್ಕೈದು ಸೆಕೆಂಡ್ ಸುಮ್ಮನಿರುವುದೇ ಕಷ್ಟ, ನಮ್ಮ ಕಡೆಯವರಿಗಂತೂ ಬಲು ಕಷ್ಟ. ಹೇಳಲಿಲ್ಲವೋ, ಒಂದೇ ಅಂಕಿ ಕೊಡುತ್ತೇನೆ, ಅದೂ ಫಿಕ್ಸೆಡ್‌ನಲ್ಲಿ: “8.7 ಫಿಕ್ಸೆಡ್.” ರೇಂಜ್ ಇಲ್ಲ, “ನೆಗೋಷಿಯೆಬಲ್” ಅನ್ನುವ ಬಾಲವೂ ಇಲ್ಲ.

ಫಿಕ್ಸೆಡ್ ಯಾಕೆ ಅನ್ನುವುದಕ್ಕೆ ನನ್ನ ಕೈಗೆ ಬಂದ ಎರಡು ಆಫರ್ ನೋಡಿ. ಒಂದು 9 ಲಕ್ಷದ್ದು. ಅದರಲ್ಲಿ ವೇರಿಯೆಬಲ್ 90 ಸಾವಿರ, ಬೇಸಿಕ್ (ಮೂಲ ವೇತನ) ಅರ್ಧ ಅಂದರೆ 4.5 ಲಕ್ಷ, ಕಂಪನಿಯ ಪಾಲಿನ ಪಿಎಫ್ ಬೇಸಿಕ್‌ನ 12 ಪರ್ಸೆಂಟ್‌ನಂತೆ 54 ಸಾವಿರ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ದುಡ್ಡು) 4.81 ಪರ್ಸೆಂಟ್‌ನಂತೆ 21 ಸಾವಿರ ಚಿಲ್ಲರೆ, ಇನ್ಶೂರೆನ್ಸ್ ಸುಮಾರು 12 ಸಾವಿರ. ನನ್ನ ಪಾಲಿನ ಪಿಎಫ್ 4,500, ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದರೆ ತಿಂಗಳಿಗೆ ಕೈಗೆ ಸುಮಾರು 55,500. ಇನ್ನೊಂದು 8.4 ಲಕ್ಷ, ಪೂರ್ತಿ ಫಿಕ್ಸೆಡ್. ಪಿಎಫ್ 15 ಸಾವಿರದ ಮಿತಿಯ ಮೇಲಿನ 12 ಪರ್ಸೆಂಟ್, ಅಂದರೆ ತಿಂಗಳಿಗೆ 1,800 ಮಾತ್ರ, ಗ್ರಾಚ್ಯುಟಿ ಅದೇ ಲೆಕ್ಕದಲ್ಲಿ, ಇನ್ಶೂರೆನ್ಸ್ ಸಿಟಿಸಿಯಿಂದ ಹೊರಗೆ. ಕೈಗೆ ಸುಮಾರು 64,500. ಹೊಸ ತೆರಿಗೆ ಪದ್ಧತಿಯಲ್ಲಿ ಎರಡಕ್ಕೂ ಇನ್‌ಕಮ್ ಟ್ಯಾಕ್ಸ್ ಸೊನ್ನೆ.

ಒಂಬತ್ತು ಸಾವಿರದ ಫರಕು ಅಂತ ಹಿಗ್ಗಬೇಡಿ. ಅದರಲ್ಲಿ 5,400 (ನನ್ನ ಪಾಲಿನಲ್ಲಿ 2,700, ಕಂಪನಿಯ ಪಾಲಿನಲ್ಲಿ 2,700) ನಮ್ಮದೇ ಪಿಎಫ್ ಖಾತೆಗೆ ಹೋಗುವ ದುಡ್ಡು. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, ವೇರಿಯೆಬಲ್ ಅರ್ಧಕ್ಕಿಂತ ಕಡಿಮೆ ಬಂದ ವರ್ಷ 8.4ರದ್ದೇ ಮೇಲು, ಪೂರ್ತಿ ಬಂದ ವರ್ಷ 9ರದ್ದು. ಹಾಗಾಗಿ “ಹೋದ ಎರಡು ವರ್ಷ ವೇರಿಯೆಬಲ್ ಎಷ್ಟು ಪರ್ಸೆಂಟ್ ಕೊಟ್ಟಿರಿ?” ಅಂತ ಕೇಳಲೇಬೇಕು. 9 ಲಕ್ಷದವರು ಇದಕ್ಕೆ ನೆಟ್ಟಗೆ ಉತ್ತರ ಕೊಡಲಿಲ್ಲ. ನಾನು 8.4 ಹಿಡಿದೆ.

ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಯವರ ಲೆಕ್ಕವೇ ಬೇರೆ. ಬಹಳ ಕಡೆ ಅವರಿಗೆ ಸಿಗುವುದು ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳದ್ದು. ನಿಮಗೆ 50 ಸಾವಿರ ಹೆಚ್ಚು ಕೊಡಿಸಿದರೆ ಅವರಿಗೆ ದಕ್ಕುವುದು ನಾಲ್ಕು ಸಾವಿರ ಚಿಲ್ಲರೆ. ಅಷ್ಟಕ್ಕೆ ಕ್ಲೈಂಟ್ ಜೊತೆ ಯಾರೂ ಗುದ್ದಾಡುವುದಿಲ್ಲ, ನೀವು ಬೇಗ ಹೂಂ ಅಂದರೆ ಸಾಕು. ಅವರ ಹತ್ತಿರ ಬಜೆಟ್ ತಿಳಿದುಕೊಂಡು, ಕೊನೆಯ ಚೌಕಾಸಿಯನ್ನು ಕಂಪನಿಯ ಎಚ್‌ಆರ್ ಜೊತೆಗೇ ಇಟ್ಟುಕೊಳ್ಳಿ. ಎಚ್‌ಆರ್ ಜೊತೆ ಎರಡನೇ ಫೋನಿನಲ್ಲಿ ಯಾವ ಮಾತಿನಿಂದ ಶುರು ಮಾಡುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

“ನಿಮ್ಮ ಊರಲ್ಲಿ ಖರ್ಚು ಕಮ್ಮಿ ಅಲ್ವಾ ಸರ್?” ಈ ಪ್ರಶ್ನೆ ಖಂಡಿತ ಬರುತ್ತದೆ. ನವನಗರದ ಬಾಡಿಗೆ ಎಷ್ಟು, ಚಿಗರಿ ಬಸ್ಸಿನ ಪಾಸ್ ಎಷ್ಟು ಅಂತ ವಾದಕ್ಕೆ ಇಳಿದು ಎರಡು ಸಲ ಸೋತೆ. ನಿಜವಾಗಿ ಕಡಿಮೆಯೇ ಇದೆ, ವಾದಿಸಿ ಏನು ಮಾಡುವುದು? ಈಗ ಅದನ್ನು ಒಪ್ಪಿಕೊಂಡು, “ತಿಂಗಳಿಗೆ ಎಷ್ಟು ಸಲ ಬೆಂಗಳೂರಿಗೆ ಬರಬೇಕು?” ಅಂತ ಕೇಳುತ್ತೇನೆ. ವಂದೇ ಭಾರತ್ ಟಿಕೆಟ್, ಎರಡು ರಾತ್ರಿ ಲಾಡ್ಜ್ ಸೇರಿ ಒಂದು ಸಲಕ್ಕೆ ಐದಾರು ಸಾವಿರ. ಅದು ಸಂಬಳದಲ್ಲಿ ಸೇರಿದೆಯೋ, ಬೇರೆ ಕೊಡುತ್ತಾರೋ ಅನ್ನುವುದು ಬರವಣಿಗೆಯಲ್ಲಿ ಬರಲಿ.

ನಡುವೆ ಒಂದು ಪ್ರಯೋಗ: ಐದು ಫೋನಿಗೆ 9 ಅಂದೆ, ಐದಕ್ಕೆ 8.7. ಒಂಬತ್ತಕ್ಕೆ ನಾಲ್ವರು “ಎಂಟೂವರೆಗೆ ಬರ್ತೀರಾ?” ಅಂದರು. 8.7ಕ್ಕೆ ಇಬ್ಬರು ಮಾತ್ರ. ಹತ್ತು ಫೋನಿನಿಂದ ಏನೂ ಸಿದ್ಧವಾಗುವುದಿಲ್ಲ, ಗೊತ್ತು. ಆದರೂ ನಾನು ಇಡಿ ಸಂಖ್ಯೆ ಹೇಳುವುದು ಬಿಟ್ಟೆ.

90 ದಿನದ ನೋಟಿಸ್ ಇದ್ದವರು ಬೈಔಟ್ (ನೋಟಿಸ್ ದಿನಗಳ ಬದಲು ದುಡ್ಡು ಕಟ್ಟಿ ಬೇಗ ಬಿಡುವುದು) ಮಾತನ್ನು ಸಂಬಳ ಕುದುರಿದ ಮೇಲೆ ತೆಗೆಯಿರಿ, ಮೊದಲೇ ತೆಗೆದರೆ ಅದನ್ನೇ ಆಫರ್‌ನಿಂದ ಮುರಿಯುತ್ತಾರೆ. ಹಳೆಯ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬೈಔಟ್ ಬೇಸಿಕ್ ಮೇಲೋ, ಗ್ರಾಸ್ ಮೇಲೋ ನೋಡಿಕೊಳ್ಳಿ; ದುಡ್ಡು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಜಾಯಿನಿಂಗ್ ಬೋನಸ್ ಕೊಟ್ಟರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನುವ ಸಾಲನ್ನೂ ಓದಿ. ಸಂಬಳದ ವಿಂಗಡಣೆ ಇರುವ ಅನೆಕ್ಷರ್ ಮೇಲ್‌ಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ನನಗೆ ಅದು ಬಂದದ್ದು ಆಫರ್ ಬಾಯಿಮಾತಲ್ಲಿ ಆಗಿ ಹನ್ನೊಂದು ದಿನಕ್ಕೆ, ಮೂರು ಸಲ ನೆನಪಿಸಿದ ಮೇಲೆ.