ಹೆಣಿಗೆ ಕಲಿಯೋಕೆ ಸ್ವೆಟರ್ ಬೇಡ, ಪಾತ್ರೆ ಒರೆಸುವ ಬಟ್ಟೆ ಸಾಕು

ಹೆಣಿಗೆ ಕಲಿಯಬೇಕು ಅಂದ ತಕ್ಷಣ ಎಲ್ಲರೂ ಮಫ್ಲರ್‌ಗೇ ಕೈ ಹಾಕುತ್ತಾರೆ. ಅರ್ಧ ಆಗುವಷ್ಟರಲ್ಲಿ ಬೇಜಾರು ಬಂದು ಅದು ಕಡ್ಡಿ ಸಮೇತ ಬೀರು ಸೇರುತ್ತದೆ. ಅದರ ಬದಲು ಪಾತ್ರೆ, ಅಡುಗೆ ಕಟ್ಟೆ ಒರೆಸೋಕೆ ಒಂದು ಗೇಣು ಅಗಲದ ಬಟ್ಟೆ ಹೆಣೆಯಿರಿ. ಬೇಗ ಮುಗಿಯುತ್ತದೆ. ಸೊಟ್ಟ ಬಂದರೂ ಸಿಂಕ್ ಪಕ್ಕದಲ್ಲಿ ಯಾರು ನೋಡ್ತಾರೆ?

ಮೊದಲು ನೂಲು. ಅಂಗಡಿಯಲ್ಲಿ ಸುಮ್ನೆ ಉಲ್ಲನ್ ಕೊಡಿ ಅಂದರೆ ಹೆಚ್ಚಾಗಿ ಅಕ್ರಿಲಿಕ್ ಕೊಡುತ್ತಾರೆ. ಅದು ನೀರು ಹೀರಲ್ಲ, ಕಾದ ಪಾತ್ರೆ ತಾಗಿದರೆ ಕರಗುತ್ತದೆ. ಅಸಲಿ ಉಣ್ಣೆಯೂ ಬೇಡ, ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ದಪ್ಪಗಾಗುತ್ತದೆ. ಹತ್ತಿಯದೇ ಬೇಕು. 8 ಪ್ಲೈ ಕಾಟನ್ ಅಂತ ಕೇಳಿ, 50 ಗ್ರಾಂ ಉಂಡೆ ಒಂದು ಸಾಕು, ತಿಳಿ ಬಣ್ಣದ್ದು ತಗೊಳ್ಳಿ, ಯಾಕಂದ್ರೆ ಕಪ್ಪು ನೂಲಲ್ಲಿ ಕುಣಿಕೆ ಎಲ್ಲಿದೆ ಅಂತಾನೇ ಕಾಣಲ್ಲ. ಕಡ್ಡಿ 4 ಮಿ.ಮೀ. ಹಳೇ ಬ್ರಿಟಿಷ್ ಲೆಕ್ಕದ ಕಡ್ಡಿ ಸಿಕ್ಕರೆ ಅದು 8ನೇ ನಂಬರ್. ಆ ಲೆಕ್ಕದಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ, ನೆನಪಿರಲಿ.

ಕಲಿಯಬೇಕಾದ್ದು ಒಂದೇ ಒಂದು ಹಿಡಿತ, ನಿಟ್. ಕುಣಿಕೆ ಇರುವ ಕಡ್ಡಿ ಎಡಗೈಯಲ್ಲಿ. ಬಲಗಡ್ಡಿಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಅದರ ತುದಿಗೆ ನೂಲು ಸುತ್ತಿ, ಆ ನೂಲನ್ನು ಕುಣಿಕೆಯ ಒಳಗಿಂದ ಈಚೆಗೆ ಎಳೆದುಕೊಳ್ಳಿ, ಆಮೇಲೆ ಹಳೇ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಿಬಿಡಿ. ಅಷ್ಟೇ. ಹತ್ತಿ ನೂಲಿನ ಎಳೆಗಳು ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತವೆ, ಹಾಗಾಗಿ ತುದಿ ಎಳೆಗಳ ಮಧ್ಯೆ ನುಗ್ಗದ ಹಾಗೆ ನೋಡಿಕೊಳ್ಳಿ. ಬಿಗಿಯಾಗಿ ಎಳೆಯಬೇಡಿ. ಹತ್ತಿ ಹಿಗ್ಗಲ್ಲ, ಮುಂದಿನ ಸಾಲಲ್ಲಿ ಕಡ್ಡಿ ಒಳಗೇ ಹೋಗಲ್ಲ.

ಶುರು ಮಾಡೋಕೂ ಇದೇ ಹಿಡಿತ. ಎಡಗಡ್ಡಿಗೆ ಒಂದು ಜಾರುಗಂಟು ಹಾಕಿ, ಎಳೆದ ಹೊಸ ಕುಣಿಕೆಯನ್ನು ಬಲಗಡೆ ಇಟ್ಟುಕೊಳ್ಳದೆ ಎಡಗಡ್ಡಿಗೇ ಏರಿಸಿ, ಹಳೇದನ್ನು ಮಾತ್ರ ಜಾರಿಸಬೇಡಿ. ನಾಲ್ಕು ಕುಣಿಕೆ ಆದರೆ ನಿಲ್ಲಿಸಿ, ಒಂದು ಸಾಲು ನಿಟ್ ಮಾಡಿ. ಸಾಲು ಮುಗಿದಾಗಲೆಲ್ಲ ಹೆಣಿಗೆ ತಿರುಗಿಸಿ, ತುಂಬಿದ ಕಡ್ಡಿಯನ್ನು ಮತ್ತೆ ಎಡಗೈಗೆ ತಗೊಳ್ಳಿ. ಇಲ್ಲಿಂದ ಪ್ರತಿ ಸಾಲಿಗೂ ಒಂದೇ ಪಾಠ: ಎರಡು ನಿಟ್, ನೂಲನ್ನು ಎರಡು ಕಡ್ಡಿಗಳ ಮಧ್ಯದಿಂದ ಮುಂದಕ್ಕೆ ತನ್ನಿ, ಅದು ಬಲಗಡ್ಡಿಯ ಮೇಲೆ ಹಾದು ಹೋಗುವ ಹಾಗೆ ಉಳಿದದ್ದೆಲ್ಲ ನಿಟ್. ಸಾಲಿಗೊಂದು ಕುಣಿಕೆ ಹೆಚ್ಚುತ್ತದೆ, ಅಂಚಲ್ಲಿ ಸಾಲಾಗಿ ಪುಟ್ಟ ತೂತುಗಳು ಬೀಳುತ್ತವೆ.

ಮೂಲೆಯಿಂದ ಶುರು ಮಾಡೋದರ ಲಾಭವೇ ಇದು, ಎಷ್ಟು ಕುಣಿಕೆ ಅಂತ ಮೊದಲೇ ಲೆಕ್ಕ ಹಾಕಬೇಕಿಲ್ಲ. ಓರೆ ಅಂಚು ಒಂದು ಗೇಣು ಆಯ್ತಾ, ಬಟ್ಟೆಯ ಅಳತೆ ಅಷ್ಟೇ. ಉಂಡೆ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡುತ್ತಿರಿ, ಗೇಣು ಆಗದಿದ್ದರೂ ಅರ್ಧಕ್ಕಿಂತ ಒಂಚೂರು ಜಾಸ್ತಿ ಉಳಿದಿರುವಾಗಲೇ ಕಡಿಮೆ ಮಾಡೋಕೆ ಶುರು ಮಾಡಿ. ಆಗ ಪಾಠ ಬದಲು: ಒಂದು ನಿಟ್, ಎರಡು ಕುಣಿಕೆ ಒಟ್ಟಿಗೆ ನಿಟ್, ನೂಲು ಮುಂದಕ್ಕೆ, ಮತ್ತೆ ಎರಡು ಒಟ್ಟಿಗೆ, ಉಳಿದದ್ದು ನಿಟ್. ನಾಲ್ಕು ಉಳಿಯುವವರೆಗೆ ಹೀಗೇ.

ಸಾಲಿಗೆ ಎರಡೆರಡು ಕುಣಿಕೆ ಹೆಚ್ಚುತ್ತಿದ್ದರೆ ಸಾಲಿನ ಮೊದಲ ಕುಣಿಕೆ ನೋಡಿ. ತಿರುಗಿಸುವಾಗ ನೂಲು ಕಡ್ಡಿಯ ಮೇಲಿಂದ ಹಿಂದೆ ಹೋಗಿದ್ದರೆ ಆ ಒಂದೇ ಕುಣಿಕೆ ಎರಡರ ಥರ ಕಾಣುತ್ತದೆ, ನಾವೂ ಎರಡು ಅಂತಲೇ ಹೆಣೆದುಬಿಡುತ್ತೇವೆ. ನೂಲನ್ನು ಕೆಳಗಿಂದ ಹಿಂದಕ್ಕೆ ತಗೊಂಡರೆ ಸರಿಹೋಗುತ್ತದೆ.

ಮುಗಿಸುವಾಗ ಎರಡು ನಿಟ್ ಮಾಡಿ, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡಿ, ಮತ್ತೊಂದು ನಿಟ್, ಮತ್ತೆ ದಾಟಿಸಿ. ಕೊನೆಗೆ ಒಂದು ಉಳಿದಾಗ ನೂಲು ಕತ್ತರಿಸಿ ಅದರೊಳಗೆ ಎಳೆಯಿರಿ. ಬಾಲವನ್ನು ಮೊಂಡು ಸೂಜಿಯಲ್ಲಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಸೇರಿಸಿ, ಇಲ್ಲದಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಈಚೆ ಬರುತ್ತದೆ. ದಪ್ಪ ಹೆಣಿಗೆ, ಮಳೆಗಾಲದಲ್ಲಿ ಮುದ್ದೆ ಮಾಡಿ ಬಿಟ್ಟರೆ ಗಬ್ಬು ವಾಸನೆ ಗ್ಯಾರಂಟಿ. ಮೂಲೆಯ ತೂತನ್ನೇ ಮೊಳೆಗೆ ಸಿಕ್ಕಿಸಿ ಒಣಗಿಸಿ, ಆಗಾಗ ಕುದಿಯೋ ನೀರಲ್ಲಿ ಅದ್ದಿ ತೆಗೆಯಿರಿ.