ಪುಟಾಣಿಗಳಿಂದ ಪ್ರಾಣಿ ಪದ್ಯ ಬರೆಸೋದು ಹೇಗೆ? ಮೊದಲು ಕಿಟಕಿ ಹತ್ರ ಕೂರ್ಸಿ

ಮುಂಬೈ ಹತ್ರದ ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕನ್ನಡ ಹೇಳ್ಕೊಡ್ತೀನಿ. ಸ್ಕೂಲಲ್ಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಆಡೋವಾಗ ಹಿಂದಿ ಮರಾಠಿ, ಮನೇಲಿ ಮಾತ್ರ ಕನ್ನಡನೋ ತುಳುನೋ ಮಾತಾಡೋ ಮಕ್ಕಳು. ಪ್ರಾಣಿ ಬಗ್ಗೆ ಪದ್ಯ ಬರೀರಿ ಅಂದ ಮೊದಲ ದಿನ ಎಲ್ಲರ ಹಾಳೇಲೂ ಹುಲಿ, ಸಿಂಹ, ಆನೆ, ಅದೂ ಕಾರ್ಟೂನ್‌ನಲ್ಲಿ ನೋಡಿದ್ದು. ಒಂದರಲ್ಲೂ ಜೀವ ಇರ್ಲಿಲ್ಲ.

ಅದಕ್ಕೆ ಮೊದಲ ಹೆಜ್ಜೆ ಇದು: ದಿನಾ ಕಣ್ಣಿಗೆ ಬೀಳೋ ಪ್ರಾಣೀನೇ ಆರಿಸ್ಕೊಳ್ಳಿ. ಗ್ರಿಲ್ ಮೇಲಿನ ಪಾರಿವಾಳ, ಟ್ಯೂಬ್‌ಲೈಟ್ ಪಕ್ಕದ ಹಲ್ಲಿ, ಮೀನು ಮಾರ್ಕೆಟ್ ಬೆಕ್ಕು, ಸೊಸೈಟಿ ಗೇಟಲ್ಲಿ ಮಲಗೋ ನಾಯಿ. ಐದು ನಿಮಿಷ ಪೆನ್ಸಿಲ್ ಮುಟ್ಟದೆ ಬರೀ ನೋಡ್ಲಿ.

ಆಮೇಲೆ "ಹೇಗಿದೆ?" ಅಂತ ಮಾತ್ರ ಕೇಳ್ಬೇಡಿ, "ಚೆನ್ನಾಗಿದೆ" ಅಂತಾರೆ, ಅಲ್ಲಿಗೆ ಮುಗೀತು. "ಏನು ಮಾಡ್ತಿದೆ?" ಅಂತ ಕೇಳಿ. ಪಾರಿವಾಳ ನಡೆಯೋವಾಗ ತಲೆ ಆಡಿಸುತ್ತೆ ಅಂತ ನಾವು ಅಂದ್ಕೊಳ್ತೀವಿ, ಸರಿಯಾಗಿ ನೋಡಿದ್ರೆ ತಲೇನ ಮುಂದಕ್ಕೆ ಚಾಚಿ ಅಲ್ಲೇ ನಿಲ್ಲಿಸ್ಕೊಳ್ಳುತ್ತೆ, ಮೈ ಹಿಂದಿನಿಂದ ಬಂದು ಸೇರ್ಕೊಳ್ಳುತ್ತೆ, ಆಮೇಲೆ ಮತ್ತೆ ತಲೆ ಮುಂದಕ್ಕೆ. ಇದನ್ನ ತೋರಿಸಿದ ದಿನ ಏಳು ವರ್ಷದ ಹುಡುಗಿ ಒಬ್ಬಳು ಬರೆದದ್ದು:

ಪಾರಿವಾಳ ಬಂತು
ಗ್ರಿಲ್ಲು ಮೇಲೆ ನಿಂತು
ತಲೆ ಮುಂದೆ, ಮೈ ಹಿಂದೆ
ಹೌದು ಹೌದು ಅಂತು

ಆ ಕೊನೇ ಸಾಲು ನನಗೆ ಹೊಳೀತಿರ್ಲಿಲ್ಲ, ನಿಜವಾಗ್ಲೂ.

ಮೂರನೇದು ಸದ್ದು. ಕನ್ನಡದಲ್ಲಿ ಇದಕ್ಕೆ ಎಷ್ಟು ಚೆಂದದ ಮಾತುಗಳಿವೆ ನೋಡಿ, ಹಲ್ಲಿ ಲೊಚಗುಟ್ಟುತ್ತೆ, ಕಪ್ಪೆ ವಟಗುಟ್ಟುತ್ತೆ, ಆನೆ ಘೀಳಿಡುತ್ತೆ, ಕುದುರೆ ಕೆನೆಯುತ್ತೆ. ಒಂದೊಂದನ್ನೂ ಮಕ್ಕಳ ಹತ್ರ ಮಾಡಿಸ್ಬೇಕು, ಕ್ಲಾಸು ಗಲಾಟೆ ಆದ್ರೂ ಪರವಾಗಿಲ್ಲ. ಮಧ್ಯೆ ಯಾರಾದ್ರೂ ಬೆಕ್ಕಿಗೆ ಮರಾಠಿ ಮಾಂಜರ್ ಅಂತನೋ ತುಳುವಿನ ಪುಚ್ಚೆ ಅಂತನೋ ಬರೆದ್ರೆ ಹಾಗೇ ಬಿಡಿ, ಅವರ ಮನೆ ಬೆಕ್ಕು ಅದು.

ಪ್ರಾಸ ಕೊನೆಗೆ. ಇದನ್ನ ಮಾತ್ರ ಖಂಡಿತ ತಿರುಗಾಮುರುಗಾ ಮಾಡ್ಬೇಡಿ. ಮೊದಲೇ ಪ್ರಾಸ ಹುಡುಕ್ಸಿದ್ರೆ "ಬೆಕ್ಕಿಗೆ ಬಂತು ಹಕ್ಕು" ಅಂತ ಬರೀತಾರೆ, ಹಕ್ಕು ಅಂದ್ರೇನು ಅಂತ ಆ ಮಗೂಗೇ ಗೊತ್ತಿರಲ್ಲ. ಸಾಲು ಹೇಳ್ತಾ ಚಪ್ಪಾಳೆ ತಟ್ಟಿಸಿ, ಎಲ್ಲಿ ಎಡವುತ್ತೋ ಅಲ್ಲಿ ಪದ ಬದಲಾಯಿಸ್ಲಿ. ಲಘು ಗುರು ಲೆಕ್ಕ ಈ ವಯಸ್ಸಿಗೆ ಬೇಡ.

ಆದ್ರೆ ಒಂದು ಸಲ ಹೊರಗೂ ಕರ್ಕೊಂಡು ಹೋಗಿ. ಚಳಿಗಾಲದಿಂದ ಬೇಸಿಗೆವರೆಗೆ ಶಿವಡಿ, ಐರೋಲಿ ಕಡೆ ಖಾಡಿಯ, ಅಂದ್ರೆ ಸಮುದ್ರ ನೆಲದೊಳಗೆ ಚಾಚ್ಕೊಂಡಿರೋ ಜಾಗದ, ಕೆಸರಲ್ಲಿ ಫ್ಲೆಮಿಂಗೊ ಸಾಲುಸಾಲಾಗಿ ನಿಂತಿರ್ತವೆ, ಭರತ ಇಳಿತದ ಟೈಮ್ ನೋಡ್ಕೊಂಡು ಹೊರಡಿ. ಮರಿ ಬೂದು ಬಣ್ಣ, ತಿನ್ನೋ ಪಾಚಿಯಿಂದಲೇ ಆಮೇಲೆ ಗುಲಾಬಿ ಆಗೋದು ಅಂತ ಹೇಳಿದಾಗ ಒಬ್ಬ ಹುಡುಗ "ಹಾಗಾದ್ರೆ ನಾನು ಪಾಲಕ್ ತಿಂದ್ರೆ ಹಸಿರಾಗ್ತೀನಾ ಟೀಚರ್?" ಅಂದ. ನಾನು ಉತ್ತರ ಹೇಳ್ಲಿಲ್ಲ, ಅದನ್ನೇ ಮೊದಲ ಸಾಲಾಗಿ ಬರ್ಕೋ ಅಂದೆ, ಬಸ್ಸಲ್ಲಿ ವಾಪಸ್ ಬರೋವಾಗ ತೊಡೆ ಮೇಲೆ ನೋಟ್‌ಬುಕ್ ಇಟ್ಕೊಂಡು ಬರೀತಾನೇ ಇದ್ದ.